ಛತ್ರಿದೊರೆ ಪಟ್ಟಕ್ಕೇರಿದ ಬಗೆ

೪ ಫೆಬ್ರವರಿ

ಮಾನ್ಯ ಚಿತ್ರಗಾರರಿಗೆ ನಮಸ್ಕಾರ.

ನಿಮಗೆ ನನ್ನ ಪರಿಚಯವಿಲ್ಲ. ಔಷಧಿ ಅಂಗಡಿಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ವಿಳಾಸವನ್ನು ‘ನೆರಳೂರು’ ಅಭಿಮಾನಿ ಬಳಗದವರು ಕೊಟ್ಟರು. “ಅವರಿಗೆ ಕಿವಿ ಮಂದ, ಫೋನ್ ಎತ್ತೋದಿಲ್ಲ. ಕಾಗದ ಬರೀರಿ. ಉತ್ತರ ಬಂದ್ರೆ ನಿಮ್ಮ ಪುಣ್ಯ” ಎಂದರು. ಪುಣ್ಯದ ಲೆಕ್ಕ ನನಗೆ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಮೂವತ್ತು ವರ್ಷಗಳ ಹಿಂದೆ ನಿಮ್ಮ ‘ನೆರಳೂರು’ ಕಾರ್ಟೂನು ಟಿ.ವಿ.ಯಲ್ಲಿ ಬರುವಾಗ ನನ್ನ ತಮ್ಮನಿಗೆ ಒಂಬತ್ತು, ನನಗೆ ಹದಿಮೂರು. ಊರಿಗೆ ಊರೇ ಒಂದು ದೊಡ್ಡ ಕಪ್ಪು ಕೊಡೆಯ ಕೆಳಗೆ ಬದುಕುವುದು, ಬಿಸಿಲನ್ನು ಚಮಚದಲ್ಲಿ ಅಳೆದು ಕೊಡುವ ಛತ್ರಿದೊರೆ, ಅವನ ಆ ಮೂಗಿನ ಮಾತು, ಎಲ್ಲವೂ ನೆನಪಿದೆ. ಮೂರನೇ ಕಂತಿನಲ್ಲಿ ಅವನು ಸಂತೆಯ ಮೆಟ್ಟಿಲ ಮೇಲೆ ಕೂತು ಮುರಿದ ಕೊಡೆಗೆ ಕಡ್ಡಿ ಹಾಕುವ ಬಡಪಾಯಿ. ನಾಲ್ಕನೆಯದರಲ್ಲಿ ಸಿಂಹಾಸನದ ಮೇಲಿದ್ದಾನೆ. ನಡುವೆ ಏನಾಯಿತು ಎಂದು ನೀವು ಹೇಳಲೇ ಇಲ್ಲ. ತಮ್ಮ ಕೇಳಿ ಕೇಳಿ ಪ್ರಾಣ ತಿಂದಾಗ ನಮ್ಮಪ್ಪ, “ಛತ್ರಿ ಅಂತ ಹೆಸರಲ್ಲೇ ಇದೆಯಲ್ಲೋ. ಅಂಥವರು ಮೇಲೆ ಬರೋಕೆ ಬೇರೆ ಕಾರಣ ಬೇಕಾ?” ಎಂದು ನಗುತ್ತಿದ್ದರು.

ಆ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡವರೆಲ್ಲ ಈಗ ನಲವತ್ತರ ಆಸುಪಾಸಿನವರು. ಬಸ್ ಕಂಡಕ್ಟರೊಬ್ಬರು, ದಂತವೈದ್ಯೆಯೊಬ್ಬರು, ಹೀಗೆ. ಅವರ ಜಗಳ ಕೇಳಿದರೆ ಆಸ್ತಿ ಪಾಲಾಗುತ್ತಿದೆ ಅನ್ನಬೇಕು. ಒಬ್ಬರ ಪ್ರಕಾರ ಅವನು ಸತ್ತ ರಾಜನ ಗುಟ್ಟಿನ ಮಗ, ಕೊಡೆಯ ಹಿಡಿಕೆ ರಾಜನ ಊರುಗೋಲಿನದೇ. ಇನ್ನೊಬ್ಬರ ಪ್ರಕಾರ ಅವಳಿ ಜವಳಿ, ಏಕೆಂದರೆ ಮೂರನೇ ಕಂತಿನಲ್ಲಿ ಎಡಗೆನ್ನೆಯಲ್ಲಿದ್ದ ಮಚ್ಚೆ ನಾಲ್ಕರಲ್ಲಿ ಬಲಕ್ಕೆ ಬಂದಿದೆ. ಮತ್ತೊಬ್ಬರು ವಿಷಪ್ರಾಶನ ಎನ್ನುತ್ತಾರೆ. ನನ್ನ ತಮ್ಮನಿಗೆ ಬಳಗದಲ್ಲಿ ‘ಭೂತಗನ್ನಡಿ’ ಎಂದೇ ಹೆಸರು, ಯಾರಿಗೂ ಕಾಣದ್ದು ಅವನಿಗೆ ಕಾಣುತ್ತದೆಂದು.

ಕಾಣುತ್ತಿತ್ತು ಎನ್ನಬೇಕು. ಮುದ್ರಣಾಲಯದಲ್ಲಿ ಬಣ್ಣ ಹೊಂದಿಸುವ ಕೆಲಸದಲ್ಲಿದ್ದ. ಕಣ್ಣಿನ ಒತ್ತಡದ ಕಾಯಿಲೆ. ಹತ್ತು ತಿಂಗಳಾಯಿತು, ಎರಡೂ ಕಣ್ಣು ಹೋಗಿವೆ. ಕೋಣೆ ಬಿಟ್ಟು ಬರುವುದಿಲ್ಲ, ಬಳಗದವರ ಜೊತೆಗೂ ಮಾತಿಲ್ಲ. ನಿಮಗೆ ಬರೆಯಲು ಅವನೇ ಹೇಳಿದ. ಯಾವ ಊಹೆ ನಿಜ ಎಂದು ಒಂದು ಸಾಲು ಬರೆದರೆ ಸಾಕು.

ಇಂತಿ,
ಔಷಧಿ ಅಂಗಡಿಯವಳು


೨೬ ಫೆಬ್ರವರಿ

ಔಷಧಿ ಅಂಗಡಿಯ ತಂಗಿಗೆ,

ನಿನ್ನ ಕಾಗದ ಓದಿ ಮನಸ್ಸು ಭಾರವಾಯಿತು. ಸಾಮಾನ್ಯವಾಗಿ ಇಂಥ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ. ನಿನ್ನ ತಮ್ಮನಿಗಾಗಿ ಬರೆಯುತ್ತಿದ್ದೇನೆ.

ಅವಳಿಗಳ ಮಾತು ಬಿಟ್ಟುಬಿಡಲಿ. ಅಚ್ಚುಹಾಳೆಯನ್ನು ಬೋರಲು ಹಾಕಿ ನಕಲು ಇಳಿಸಿದೆ, ಮಚ್ಚೆ ಆ ಕಡೆಯಿಂದ ಈ ಕಡೆಗೆ ಹೋಯಿತು. ಒಂದು ನಿದ್ದೆಗಣ್ಣಿನ ತಪ್ಪಿನ ಮೇಲೆ ಜನ ಮೂವತ್ತು ವರ್ಷ ಸಂಸಾರ ಕಟ್ಟಿದ್ದಾರೆ. ವಿಷವೂ ಇಲ್ಲ, ಮಕ್ಕಳ ಕಾರ್ಟೂನಿನಲ್ಲಿ ವಿಷ ಯಾರು ಬಿಡುತ್ತಾರೆ?

ರಾಜನ ಮಗ ಎಂಬ ಊಹೆಯೇ ಸರಿ. ಊರುಗೋಲಿನ ಹಿಡಿಕೆಯೇ ಕೊಡೆಯ ಹಿಡಿಕೆ. ಅದನ್ನು ತೋರಿಸಿ ಪಟ್ಟ ಪಡೆದ. ಸಮಯ ಸಾಲದೆ ಆ ಭಾಗ ಕೈಬಿಟ್ಟೆವು. ಇಷ್ಟೇ ಸಂಗತಿ.

ತಮ್ಮನಿಗೆ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳು.

ಚಿತ್ರಗಾರ


೯ ಮಾರ್ಚ್

ಸರ್,

ಮೊದಲು ಒಂದು ತಪ್ಪೊಪ್ಪಿಗೆ. ನನ್ನ ತಮ್ಮ ನಿಮಗೆ ಬರೆಯಲು ಹೇಳಿರಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ನಿಮ್ಮ ಉತ್ತರ ಕೇಳಿಸಿದರೆ ಖುಷಿಯಾಗಿ ಎದ್ದು ಕೂರುತ್ತಾನೆ ಎಂದುಕೊಂಡಿದ್ದೆ.

ಎದ್ದೇನೋ ಕೂತ, ಖುಷಿಯಿಂದಲ್ಲ.

“ಇನ್ನೊಂದ್ಸಲ ಓದು” ಎಂದ. ಓದಿದೆ. “ಇದನ್ನ ಬರೆದವರು ಆ ಚಿತ್ರಗಾರರಲ್ಲ. ಆಗಿದ್ರೆ ಸುಳ್ಳು ಹೇಳ್ತಿದ್ದಾರೆ. ರಾಜನ ಊರುಗೋಲಿಗೆ ಗಿಣಿಯ ತಲೆ. ಕೊಡೆಗೆ ಬಾತುಕೋಳಿ ತಲೆ. ಕೊಕ್ಕೇ ಬೇರೆ! ತಾನು ಬರೆದ ಕೊಕ್ಕು ತನಗೆ ಮರೆಯುತ್ತಾ?” ಎಂದು ಕೂಗಾಡಿದ. ಹತ್ತು ತಿಂಗಳಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಇನ್ನೂ ಕೆಲವು ಮಾತು ಆಡಿದ. ಹಿರಿಯರಿಗೆ ಅವನ್ನು ಬರೆಯುವುದು ಬೇಡ.

ಆಮೇಲೆ ತನ್ನ ಊಹೆಯನ್ನು ಹೇಳಿ ಬರೆಸಿದ. ಅವನ ಮಾತಿನಲ್ಲೇ ಇಡುತ್ತೇನೆ:

“ಛತ್ರಿದೊರೆ ಯಾರನ್ನೂ ಕೊಲ್ಲಲಿಲ್ಲ. ಏನನ್ನೂ ಕದಿಯಲಿಲ್ಲ. ಮಳೆ ಬಂತು, ಜನ ಅವನ ಕೊಡೆಯ ಕೆಳಗೆ ನಿಂತರು. ಜಾಗ ಸಾಲದೆ ತಮ್ಮ ತಮ್ಮ ಬಟ್ಟೆ ತಂದು ಜೋಡಿಸಿ ಹೊಲಿದರು. ಕೊಡೆ ಊರಗಲ ಆಯ್ತು. ಮಳೆ ಯಾವಾಗಲೋ ನಿಂತಿತ್ತು. ಕೆಳಗಿದ್ದವರಿಗೆ ಗೊತ್ತಾಗಲಿಲ್ಲ. ಗೊತ್ತಿದ್ದವನು ಒಬ್ಬನೇ, ಗೋಪುರದ ಕಾವಲುಗಾರ. ಗೋಪುರದ ತುದಿ ಬಟ್ಟೆಗಿಂತ ಮೇಲಿದೆ. ನಾಲ್ಕನೇ ಕಂತಿನಿಂದ ಮುಂದೆ ನಾನು ನೋಡಿದ ಪ್ರತಿ ಕಂತಲ್ಲೂ ಅವನು ಹಣೆಗೆ ಕೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿಕೊಂಡೇ ಇದ್ದಾನೆ. ಬಿಸಿಲೇ ಇಲ್ಲದ ಊರಲ್ಲಿ ಯಾರು ಕಣ್ಣು ಕಿರಿದು ಮಾಡ್ತಾರೆ? ಅವನು ನೋಡಿದ್ದ. ನೋಡಿಯೂ ಹೇಳಲಿಲ್ಲ.”

ಇದನ್ನು ಅವನು ಬಳಗದಲ್ಲೂ ಹೇಳಿರಲಿಲ್ಲವಂತೆ. ಪೂರ್ತಿ ನೋಡಿ ಖಚಿತ ಮಾಡಿಕೊಂಡು ಹೇಳೋಣವೆಂದು ಒಟ್ಟು ಇಪ್ಪತ್ತಾರು ಕಂತುಗಳಲ್ಲಿ ಇಪ್ಪತ್ತೆರಡನೆಯದರವರೆಗೆ ಮತ್ತೊಮ್ಮೆ ನೋಡಿದ್ದನಂತೆ, ಅಷ್ಟರಲ್ಲಿ ಕಣ್ಣು ಹೋಯಿತು.

ಕಾವಲುಗಾರನ ವಿಷಯವೂ ನಿದ್ದೆಗಣ್ಣಿನ ತಪ್ಪೇ, ಸರ್? ಹಾಗಿದ್ದರೆ ಹಾಗೆಂದೇ ಬರೆಯಿರಿ. ಸಮಾಧಾನಕ್ಕೆ ಏನೂ ಬರೆಯಬೇಡಿ. ಅವನಿಗೆ ಕಣ್ಣಿಲ್ಲ ಅಷ್ಟೆ.

ಅಕ್ಕ


೨ ಮೇ

ತಂಗಿಗೆ,

ಎರಡು ತಿಂಗಳು ಸುಮ್ಮನಿದ್ದೆ. ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು.

ನಿನ್ನ ತಮ್ಮ ಹೇಳಿದ್ದು ನಿಜ, ಅಕ್ಷರಕ್ಕೆ ಅಕ್ಷರ. ಮಳೆ, ಜೋಡಿಸಿದ ಬಟ್ಟೆ, ಕಾವಲುಗಾರ ಎಲ್ಲವೂ. ಮೂವತ್ತು ವರ್ಷಗಳಲ್ಲಿ ಅದನ್ನು ಕಂಡವನು ಅವನೊಬ್ಬನೇ.

ಆದರೆ ಆ ಕಥೆ ನನ್ನದಲ್ಲ. ‘ನೆರಳೂರು’ ನನ್ನದಲ್ಲ.

ನಮ್ಮ ಸ್ಟುಡಿಯೋ ಎಂದರೆ ಸೈಕಲ್ ಗೋದಾಮಿನ ಮೇಲಿನ ಎರಡು ಕೋಣೆ. ಒಂದರಲ್ಲಿ ನಾನು ಮತ್ತು ಬಣ್ಣ ತುಂಬುವ ಐದು ಜನ. ಇನ್ನೊಂದರಲ್ಲಿ ಯಜಮಾನರು. ಬಾಗಿಲ ಪಕ್ಕ ಒಂದು ಸಣ್ಣ ಮೇಜಿನಲ್ಲಿ ಕಥೆ ಬರೆಯುವ ಹೆಂಗಸು. ನನಗಿಂತ ಆರು ವರ್ಷ ದೊಡ್ಡವಳು. ಎಲ್ಲರೂ ಅವಳನ್ನು ‘ಕಥೆ ಅಕ್ಕ’ ಎನ್ನುತ್ತಿದ್ದರು. ಛತ್ರಿದೊರೆ, ಚಮಚದ ಬಿಸಿಲು, ಆ ಮೂಗಿನ ಮಾತು ಎಲ್ಲ ಹುಟ್ಟಿದ್ದು ಅವಳ ತಲೆಯಲ್ಲಿ. ಸಂಭಾಷಣೆಯನ್ನು ಅವಳೇ ಆಡಿ ತೋರಿಸುತ್ತಿದ್ದಳು, ನಾವು ನಕ್ಕು ಕುಂಚ ಕೆಳಗಿಡುತ್ತಿದ್ದೆವು.

ಅವಳು ಬರೆದ ನಾಲ್ಕನೇ ಕಂತು ಬೇರೆಯೇ ಇತ್ತು, ಮಳೆಯ ಕಂತು. ಅರವತ್ತೆರಡು ಹಾಳೆ ಚಿತ್ರ ಮುಗಿಸಿದ್ದೆ. ಕಾರ್ಯಕ್ರಮಕ್ಕೆ ಜಾಹೀರಾತು ಕೊಡುತ್ತಿದ್ದ ಬಿಸ್ಕತ್ತಿನವರು ಓದಿ, “ಜನರೇ ದಡ್ಡರು ಅಂತ ತೋರಿಸ್ತೀರಾ? ಖಳನಾಯಕ ಖಳನಾಯಕನ ಹಾಗಿರಲಿ” ಎಂದರಂತೆ. ಯಜಮಾನರು ನಮ್ಮಿಬ್ಬರನ್ನೂ ಕರೆದರು. ಆ ಕಂತು ತೆಗೆದುಬಿಡೋಣ, ನೇರ ಸಿಂಹಾಸನಕ್ಕೆ ಹೋಗೋಣ ಎಂದರು. ಅಕ್ಕ, “ಅದು ಹೋದ್ರೆ ನಾನೂ ಹೋಗ್ತೀನಿ” ಎಂದಳು. ಯಜಮಾನರು ನನ್ನ ಕಡೆ ತಿರುಗಿ, “ನೀವೇನಂತೀರಿ?” ಎಂದು ಕೇಳಿದರು.

ನಾನು ಅವಳ ಕಡೆ ನೋಡಲಿಲ್ಲ. “ನೀವು ಹೇಳಿದ ಹಾಗೆ” ಎಂದೆ.

ಅವಳು ಅಂದೇ ಮಧ್ಯಾಹ್ನ ಮೇಜು ಖಾಲಿ ಮಾಡಿದಳು. ಉಳಿದ ಕಂತುಗಳ ಕಥೆಯನ್ನು ಮೊದಲೇ ಬರೆದುಕೊಟ್ಟಿದ್ದಳು, ಅವನ್ನು ಬಳಸಿಕೊಂಡೆವು. ಅದುವರೆಗೆ ತೆರೆಯ ಮೇಲೆ ಯಾರ ಹೆಸರೂ ಬರುತ್ತಿರಲಿಲ್ಲ. ಮುಂದಿನ ವಾರದಿಂದ ‘ಕಥೆ, ಚಿತ್ರ’ ಎಂದು ಎರಡರ ಮುಂದೆಯೂ ನನ್ನ ಹೆಸರು ಬಂತು. ಕಾವಲುಗಾರನ ಕಣ್ಣುಗಳನ್ನು ಮಾತ್ರ ನಾನು ಅವಳು ಹೇಳಿದ್ದ ಹಾಗೆಯೇ ಉಳಿಸಿದೆ. ಅಷ್ಟಾದರೂ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಕಾವಲುಗಾರ ಏಕೆ ಹೇಳಲಿಲ್ಲ ಎಂದು ನಿನ್ನ ತಮ್ಮ ಕೇಳಬಹುದು. ಹೆದರಿದ. ನನಗೂ ಹೆದರಿಕೆಯಿತ್ತು. ಆಗ ತಾನೇ ಮಗು ಹುಟ್ಟಿತ್ತು, ಬೇರೆ ಕೆಲಸವಿರಲಿಲ್ಲ.

ಚಿತ್ರಗಾರ


೧೨ ಮೇ

ಸರ್,

ಓದಿ ಹೇಳಿದೆ. ತಮ್ಮ ಹೇಳಿದ್ದು ಇಷ್ಟು: “ಹೆದರಿದವನ ಮುಖ ಹಾಗಿರೋದಿಲ್ಲ. ಕಾವಲುಗಾರನ ತುಟಿಯ ಕೊನೆ ಒಂದು ಚೂರು ಮೇಲಕ್ಕಿದೆ. ಅವರನ್ನ ಇನ್ನೊಮ್ಮೆ ಕೇಳು.”

ನನ್ನ ಮಾತೂ ಒಂದಿದೆ. ನೀವು ಒಬ್ಬ ಹೆಂಗಸಿನ ಬಾಯಿಂದ ಅನ್ನ ಕಿತ್ತುಕೊಂಡಿರಿ, ಹೆಸರನ್ನೂ ಕಿತ್ತುಕೊಂಡಿರಿ. ಮೂವತ್ತು ವರ್ಷ ಹಾರ ಹಾಕಿಸಿಕೊಂಡಿರಿ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲವಂತೆ. ಆ ಹನಿ ಅವರ ತಲೆಯ ಮೇಲೆ ಬೀಳುತ್ತಲೇ ಇತ್ತು. ಎರಡು ಕಣ್ಣು ಕಿರಿದು ಮಾಡಿ ಬರೆದ ಮಾತ್ರಕ್ಕೆ ಎಲ್ಲ ತೀರಿತೇ? ಅವರು ಬದುಕಿದ್ದಾರೋ ಇಲ್ಲವೋ, ಒಮ್ಮೆಯಾದರೂ ಹೋಗಿ ನೋಡಿದಿರಾ? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರನ್ನು ಕಂಡರೆ ನನಗೆ ಆಗುವುದಿಲ್ಲ.

ಔಷಧಿ ಅಂಗಡಿಯವಳು


೧೮ ಮೇ

ಸರ್,

ಹಿಂದಿನ ಕಾಗದ ನಿಮಗೆ ತಲುಪಿರುತ್ತದೆ. ತಲುಪದೆ ಕಳೆದುಹೋಗಿದ್ದರೆ ಚೆನ್ನಾಗಿತ್ತು. ಆ ಕೊನೆಯ ಸಾಲನ್ನು ಬರೆಯುವ ಯೋಗ್ಯತೆ ನನಗಿಲ್ಲ.

ತಮ್ಮನಿಗೆ ತಲೆನೋವು ಶುರುವಾದಾಗ ಮೊದಲು ಬಂದದ್ದು ನನ್ನ ಬಳಿ. ಸಂಜೆ ಕೆಲಸ ಮುಗಿಸಿ ನಮ್ಮ ಅಂಗಡಿಯ ಮುಂದೆ ನಿಲ್ಲುತ್ತಿದ್ದ. “ಅಕ್ಕಾ, ಹುಬ್ಬಿನ ಮೇಲೆ ಸಿಡಿಯುತ್ತೆ.” ನಾನು ಗುಳಿಗೆ ಕೊಡುತ್ತಿದ್ದೆ. ಹೀಗೆ ಒಂದು ವರ್ಷ. ಒಮ್ಮೆ, “ಬೀದಿದೀಪದ ಸುತ್ತ ಬಣ್ಣದ ಬಳೆ ಕಾಣಿಸುತ್ತೆ ಕಣೇ” ಎಂದ. ಎದುರಿಗೆ ಹನ್ನೆರಡು ಜನ ಚೀಟಿ ಹಿಡಿದು ನಿಂತಿದ್ದರು. “ಬಣ್ಣದ ಕೆಲಸದವನಿಗೆ ಬಣ್ಣ ಕಾಣದೆ ಇನ್ನೇನು ಕಾಣುತ್ತೆ? ತಲೆನೋವಿಗೆಲ್ಲ ಡಾಕ್ಟರಾ?” ಎಂದು ನಗಿಸಿ ಕಳಿಸಿದೆ.

ದೀಪದ ಸುತ್ತ ಬಳೆ ಕಂಡರೆ ಅದೇನೆಂದು ನನಗೆ ಗೊತ್ತು, ಸರ್. ಹತ್ತೊಂಬತ್ತು ವರ್ಷ ಆ ಕಾಯಿಲೆಗೆ ಹಾಕುವ ಕಣ್ಣಿನ ಹನಿಗಳನ್ನು ಮಾರಿದ್ದೇನೆ. ಅವನು ತಮ್ಮನಾದ್ದರಿಂದ, ದಿನಾ ಬರುವವನಾದ್ದರಿಂದ, ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: “ಇಷ್ಟು ದಿನ ಯಾರೂ ಗಮನಿಸಲಿಲ್ವಾ? ಇವರು ಯಾರಿಗೂ ಹೇಳ್ಲಿಲ್ವಾ?” ನಾನು “ಇಲ್ಲ” ಎಂದೆ. ಅವನು ಪಕ್ಕದಲ್ಲೇ ಕೂತಿದ್ದ. ಏನೂ ಅನ್ನಲಿಲ್ಲ. ಮರೆತಿರಬೇಕು ಎಂದುಕೊಂಡು ಬದುಕುತ್ತಿದ್ದೇನೆ.

ಇದನ್ನು ಯಾರಿಗೂ ಹೇಳಿಲ್ಲ. ನಿಮ್ಮನ್ನು ಬೈದ ಸಿಟ್ಟು ಎಲ್ಲಿಯದೆಂದು ನಿಮಗೆ ತಿಳಿಯಬೇಕು ಎಂದು ಬರೆದೆ.


೨೦ ಜೂನ್

ಮಗಳೇ,

ನಿನ್ನ ಎರಡೂ ಕಾಗದಗಳು ಒಂದೇ ದಿನ ಬಂದವು. ಮೊದಲನೆಯದನ್ನು ಓದಿ ರೈಲಿಗೆ ಟಿಕೆಟ್ ತೆಗೆಸಿದೆ. ಎರಡನೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋದೆ.

ಕಥೆ ಅಕ್ಕ ಬದುಕಿದ್ದಾಳೆ. ಎಪ್ಪತ್ತನಾಲ್ಕು ವರ್ಷ. ಮೂರನೇ ಮಹಡಿಯಲ್ಲಿ ಒಬ್ಬಳೇ ಇದ್ದು, ಗ್ರಂಥಾಲಯಗಳ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿಕೊಡುತ್ತಾಳೆ. ವಿಳಾಸ ನನಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ನಿನಗೆ ಅದನ್ನೂ ಹೇಳಿರಲಿಲ್ಲ.

ಬಾಗಿಲು ತೆಗೆದಳು. ಕೈಯೆಲ್ಲ ಅಂಟು. ನನ್ನ ಕಿವಿಯಂತ್ರ ನೋಡಿ, “ಕಿವಿ ಹೋಯ್ತಾ? ಒಳ್ಳೇದಾಯ್ತು. ಕಿರುಚೋಕೆ ನನಗೊಂದು ನೆಪ ಸಿಕ್ತು” ಎಂದಳು.

ಆದರೆ ಕಿರುಚಲಿಲ್ಲ. ರಟ್ಟು ಒತ್ತುತ್ತಲೇ ಎಲ್ಲ ಕೇಳಿಸಿಕೊಂಡಳು. ನಿನ್ನ ತಮ್ಮನ ಊಹೆ ಓದಿ ಹೇಳಿದಾಗ ಮಾತ್ರ ಕೈ ನಿಂತಿತು.

“ಆ ಕಣ್ಣು ನಾನೂ ನೋಡಿದ್ದೆ ಕಣೋ. ಮೊದಲನೇ ವಾರ ಅತ್ತೆ. ಎರಡನೇ ವಾರ ನಿನಗೆ ಶಾಪ ಹಾಕಿದೆ. ಮೂರನೇ ವಾರದಿಂದ ಟಿ.ವಿ. ಹಾಕಲಿಲ್ಲ.”

“ಅದೊಂದನ್ನಾದ್ರೂ ಉಳಿಸಿದೆ, ಅಕ್ಕ.”

“ಯಾರಿಗೂ ಕಾಣದ ಹಾಗೆ ಹೇಳಿದ ನಿಜ ಯಾರಿಗೆ ಬೇಕು?”

“ಒಬ್ಬನಿಗೆ ಕಾಣಿಸ್ತಲ್ಲ.”

“ಅದು ಅವನ ದೊಡ್ಡತನ, ನಿಂದಲ್ಲ.”

ಆಮೇಲೆ ಕಾಗದ ತೆಗೆಯಲು ಹೇಳಿ, ನಾಲ್ಕನೇ ಕಂತನ್ನು ಬಾಯಿಂದಲೇ ಬರೆಸಿದಳು. ಒಂದು ಪದ ತಡವರಿಸಲಿಲ್ಲ. ಕಾವಲುಗಾರನ ಭಾಗ ಬಂದಾಗ ನಿಲ್ಲಿಸಿಬಿಟ್ಟಳು. “ಇದನ್ನ ನೀನೇ ಹೇಳು. ಅರವತ್ತೆರಡು ಹಾಳೆ ಬರೆದೋನು. ಬಾಯಿಪಾಠ ಇರುತ್ತೆ.”

ಇತ್ತು. ಹೇಳಿದೆ. ನಿನಗೂ ಹೇಳುತ್ತೇನೆ, ಏಕೆಂದರೆ ಹೆದರಿಕೆ ಎಂದು ನಾನು ಬರೆದದ್ದು ಸುಳ್ಳು.

ಮಳೆ ನಿಂತದ್ದನ್ನು ಕಂಡ ಕಾವಲುಗಾರ ಜನರಿಗೆ ಹೇಳಲೆಂದು ಮೂರು ಮೆಟ್ಟಿಲು ಇಳಿಯುತ್ತಾನೆ. ಕೆಳಗೆ ಕತ್ತಲೆ, ಥಂಡಿ, ಗೌಜು. ಬೆನ್ನಿಗೆ ಬಿಸಿಲು ಹಿತವಾಗಿ ತಾಗುತ್ತಿದೆ. ‘ಇಷ್ಟು ದೊಡ್ಡ ಬಿಸಿಲು, ನನಗೊಬ್ಬನಿಗೇ’ ಎಂದುಕೊಳ್ಳುತ್ತಾನೆ. ನಾಳೆ ಹೇಳಿದರಾಯಿತು ಎಂದು ಮತ್ತೆ ಮೇಲೆ ಹತ್ತುತ್ತಾನೆ. ಅಷ್ಟೇ. ಛತ್ರಿದೊರೆ ದೊರೆಯಾದದ್ದು ಆ ನಾಳೆಯಲ್ಲಿ.

ಮಗು ಹುಟ್ಟಿದ್ದು ನಿಜ. ಹೆದರಿಕೆಯೂ ಒಂದಿಷ್ಟಿತ್ತು. ಆದರೆ ಆ ಕೋಣೆಯಲ್ಲಿ ಯಜಮಾನರು ನನ್ನ ಕಡೆ ತಿರುಗಿದಾಗ ಮನಸ್ಸಿಗೆ ಮೊದಲು ಹೊಳೆದದ್ದು ಬೇರೆ: ಅವಳು ಹೋದರೆ ಇದು ಪೂರ್ತಿ ನನ್ನದಾಗುತ್ತದೆ.

ಅವಳಿಗೆ ಅದು ಗೊತ್ತಿತ್ತು. ಅಂದೇ ಗೊತ್ತಿತ್ತಂತೆ. ನಾನು ಕೈ ಜೋಡಿಸಲು ಹೋದಾಗ, “ಕ್ಷಮೆ ಗಿಮೆ ಬೇಡ. ಹೆಸರು ವಾಪಸ್ ಕೊಡು” ಎಂದಳು. ಆ ಕಾರ್ಟೂನಿನ ಹಕ್ಕು ಈಗ ಯಾರ ಬಳಿ ಇದೆಯೋ ಅವರಿಗೂ, ನಿಮ್ಮ ಬಳಗಕ್ಕೂ, ಕಥೆ ಅವಳದೆಂದು ಸಹಿ ಹಾಕಿ ಬರೆದು ಕಳಿಸಿದ್ದೇನೆ. ನಾಲ್ಕನೇ ಕಂತಿನ ಪ್ರತಿ ಇದರ ಜೊತೆಗಿದೆ. ನಿನ್ನ ತಮ್ಮನೇ ಮೊದಲು ಕೇಳಬೇಕೆಂದು ಅಕ್ಕನ ಅಪ್ಪಣೆ.

ನಿನ್ನ ಎರಡನೇ ಕಾಗದವನ್ನು ಅವಳಿಗೆ ತೋರಿಸಲಿಲ್ಲ, ಯಾರಿಗೂ ತೋರಿಸುವುದಿಲ್ಲ. ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಹೇಳದೆ ಇದ್ದವನೊಬ್ಬನ ಮೂವತ್ತು ವರ್ಷ ಹೇಗಿತ್ತೆಂದು ಮಾತ್ರ ನನ್ನನ್ನು ಕೇಳಬಹುದು. ಬೇಕಾದಷ್ಟು ಬಿಸಿಲಿತ್ತು, ಮಗಳೇ. ಒಂದು ದಿನವೂ ಮೈ ಕಾಯಲಿಲ್ಲ.

ಚಿತ್ರಗಾರ


೧೪ ಜುಲೈ

ಸರ್,

ಕಳೆದ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ನಾಲ್ಕನೇ ಕಂತು ಓದಿದೆ. ತಮ್ಮ ಗೋಡೆಗೆ ಒರಗಿ ಕೇಳಿದ. ಜನ ಸೀರೆ, ಪರದೆ, ತೊಟ್ಟಿಲ ಬಟ್ಟೆ ತಂದು ಹೊಲಿಯುವ ಜಾಗದಲ್ಲಿ “ಆಹಾ” ಎಂದ. ಮೂರು ಮೆಟ್ಟಿಲ ಜಾಗವನ್ನು ಎರಡು ಸಲ ಓದಿಸಿದ. ಆಮೇಲೆ, “ತುಟಿಯ ಕೊನೆ ಅದಕ್ಕೇ ಮೇಲಿತ್ತು” ಎಂದ.

ಆಗ ನಾನು ಹೇಳಿದೆ. ಗುಳಿಗೆ, ಬಣ್ಣದ ಬಳೆ, ಎದುರಿಗಿದ್ದ ಹನ್ನೆರಡು ಜನ, ಡಾಕ್ಟರಮ್ಮನಿಗೆ ಅಂದ ‘ಇಲ್ಲ’ ಯಾವುದನ್ನೂ ಬಿಡಲಿಲ್ಲ.

ಅವನು ಹೇಳಿದ: “ಗುಳಿಗೆ ಕೊಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ ಅಕ್ಕಾ. ನನಗೂ ಡಾಕ್ಟರ ಹತ್ರ ಹೋಗೋಕೆ ಸೋಮಾರಿತನ ಇತ್ತು. ಆದ್ರೆ ಆವತ್ತು ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ‘ಇಲ್ಲ’ ಅಂದೆಯಲ್ಲ, ಅದನ್ನ ಕೇಳಿದೆ. ಆಮೇಲೆ ಹದಿನೈದು ತಿಂಗಳು ನೀನು ತಟ್ಟೆ ಕೈಗಿಟ್ಟಾಗೆಲ್ಲ, ಇವತ್ತು ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ ಕಾಯ್ತಿದ್ದೆ. ಕೋಣೆಯಿಂದ ಹೊರಗೆ ಬರ್ತಿರಲಿಲ್ಲ ಯಾಕೆ ಅಂದ್ಕೊಂಡೆ? ಕಣ್ಣಿಲ್ಲ ಅಂತಲಾ?”

ಕಣ್ಣಿಲ್ಲವೆಂದೇ ನಾನು ತಿಳಿದಿದ್ದೆ, ಸರ್. ಮನೆಗೆಲ್ಲ ಹಗ್ಗ ಕಟ್ಟಿಸಿ, ಹಿಡಿದುಕೊಂಡು ಓಡಾಡಲಿ ಎಂದಿದ್ದೆ.

ಎಲ್ಲ ಸರಿಯಾಯಿತು ಎಂದು ಬರೆಯಲಾರೆ. ಐದು ದಿನ ನನ್ನೊಡನೆ ಮಾತು ಬಿಟ್ಟ. ಆರನೇ ದಿನ ಬಳಗದವರಿಗೆ ಅವನೇ ಫೋನ್ ಮಾಡಿದ. ನಿಮ್ಮ ಕಾಗದ ಅಲ್ಲಿ ದೊಡ್ಡ ಗಲಾಟೆ ಎಬ್ಬಿಸಿದೆ. ಕಂಡಕ್ಟರು, “ಚಿತ್ರಗಾರರಿಗೆ ಅರಳು ಮರಳು. ಅವಳಿ ಜವಳಿಯೇ ಸರಿ” ಎನ್ನುತ್ತಾರಂತೆ. ದಂತವೈದ್ಯೆ ಅತ್ತರಂತೆ. ಕಥೆ ಅಕ್ಕನವರಿಗೆ ಈ ವಾರ ಇನ್ನೂರಕ್ಕೂ ಹೆಚ್ಚು ಕಾಗದ ಹೋಗಿವೆ. ಅವರು ಎಲ್ಲರಿಗೂ ಒಂದೇ ಉತ್ತರ ಬರೆದರಂತೆ: ‘ತಡವಾಗಿ ಬಂದಿರಿ, ಕೂತುಕೊಳ್ಳಿ.’

ಕಣ್ಣಿಲ್ಲದವರಿಗೆ ಕೆಲಸ ಕಲಿಸುವ ಒಂದು ಶಾಲೆಗೆ ತಮ್ಮ ಅರ್ಜಿ ಹಾಕಿಸಿದ. ಆರು ತಿಂಗಳು ಅಲ್ಲೇ ಇರಬೇಕು. ಮೊನ್ನೆ ಕಳಿಸಿ ಬಂದೆ. ಬಸ್ಸಿನ ಮೆಟ್ಟಿಲಿನವರೆಗೆ ನನ್ನ ಭುಜ ಹಿಡಿದಿದ್ದ. ಅಲ್ಲಿ ಬಿಟ್ಟ. “ನಾನು ಬರ್ಲಾ ಜೊತೆಗೆ?” ಎಂದೆ. “ಬೇಡ” ಎಂದ.

ಸೀಟಿನಲ್ಲಿ ಕೂತ ಮೇಲೆ ಕಿಟಕಿಯಿಂದ ಕರೆದ. “ಅಕ್ಕಾ, ಕಾಗದ ಬರಿ. ಅಲ್ಲಿ ನನಗೆ ಯಾರಾದ್ರೂ ಓದಿ ಹೇಳ್ತಾರೆ. ಯಾರು ಓದ್ತಾರೋ ಏನೋ ಅಂತ ಏನೂ ಬಚ್ಚಿಟ್ಟುಕೊಂಡು ಬರೀಬೇಡ.”

ಇವತ್ತು ಬೆಳಿಗ್ಗೆ ಅವನಿಗೆ ಮೊದಲ ಕಾಗದ ಹಾಕಿದೆ. ಯಾರ ಬಾಯಿಂದ ಕೇಳುತ್ತಾನೋ ಗೊತ್ತಿಲ್ಲ. ಎಲ್ಲ ಬರೆದಿದ್ದೇನೆ.

ನಿಮ್ಮ ಮಗಳು